ಟೊಳ್ಳು ಗೋಡೆಯ ಚರಿತ್ರೆ

ದೂರದರ್ಶನದಲ್ಲಿ ಚರ್ಚೆಯೋ ಸಂದರ್ಶನವೋ ನಡೆಯುವಾಗ ನಿಮ್ಮ ಗಮನವೆಲ್ಲ ಮಾತನಾಡುವವರ ಮೇಲಿರುತ್ತದೆ. ಇರಬೇಕಾದದ್ದೂ ಹಾಗೆಯೇ. ಆದರೆ ಒಮ್ಮೆ ಅವರ ಬೆನ್ನ ಹಿಂದಿನ ಗೋಡೆಯನ್ನೂ ನೋಡಿ. ಅದಕ್ಕೊಂದು ಕಿಟಕಿಯಿದೆ, ಬಣ್ಣ ಬಳಿದಿದೆ, ಒಂದು ಪಟ ತೂಗುತ್ತಿದೆ. ಯಾರದೋ ಮನೆಯ ಹಜಾರವೆಂದು ನೀವು ನಂಬುತ್ತೀರಿ. ಸ್ಟುಡಿಯೋದೊಳಗೆ ಬಂದು ಆ ಗೋಡೆಯ ಹಿಂಬದಿಗೆ ಹೋದರೆ ಕಾಣುವುದೇ ಬೇರೆ. ಮರದ ಪಟ್ಟಿಗಳಿಂದ ಮಾಡಿದ ಒಂದು ಚೌಕಟ್ಟು, ಅದರ ಮುಖಕ್ಕೆ ಬಡಿದ ತೆಳುವಾದ ಪ್ಲೈವುಡ್, ಬೀಳದಂತೆ ಹಿಂದಿನಿಂದ ಕೊಟ್ಟ ಒಂದು ಓರೆ ಆಸರೆ. ಅಷ್ಟೆ. ಇಂದು ಹಜಾರವಾಗಿದ್ದದ್ದು ನಾಳೆ ತರಗತಿಯಾಗುತ್ತದೆ.

ಸ್ಟುಡಿಯೋ ನೋಡಲು ಬರುವ ವಿದ್ಯಾರ್ಥಿಗಳು ಈ ಗೋಡೆಯನ್ನು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಕೇಳಿ ನಗುತ್ತಾರೆ. "ಸಾರ್, ಇದು ಸುಳ್ಳು ಗೋಡೆ!" ಎನ್ನುತ್ತಾರೆ. ಕಲ್ಲು, ಮಣ್ಣು, ಇಟ್ಟಿಗೆಗಳ ಗೋಡೆಯ ನಡುವೆ ಬೆಳೆದ ನಮಗೆ ಹಾಗೆನ್ನಿಸುವುದು ಸಹಜ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹುಪಾಲು ಜನ ವಾಸಿಸುವ ಮನೆಗಳ ಗೋಡೆಗಳು ಇಂಥವೇ. ಅಲ್ಲಿ ಅದು ಸುಳ್ಳು ಗೋಡೆಯಲ್ಲ, ಗೋಡೆಯೆಂದರೆ ಅದೇ. ಈ ಟೊಳ್ಳು ಗೋಡೆ ಒಂದು ದೊಡ್ಡ ನಗರವನ್ನು ಕಟ್ಟಿತು. ಅದೇ ಗೋಡೆಯಿಂದಾಗಿ ಆ ನಗರ ಒಂದೂವರೆ ದಿನದಲ್ಲಿ ಬೂದಿಯಾಗುವಂತೆಯೂ ಆಯಿತು. ಅದರ ಚರಿತ್ರೆಯನ್ನು ಇಲ್ಲಿ ನೋಡೋಣ.

ಗೋಡೆ ನಿಲ್ಲುವ ಬಗೆ

ಮೊದಲು ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿಯೋಣ. ನಿಮ್ಮ ಮನೆಯಲ್ಲಿ ಒಂದು ದೊಡ್ಡ ಕೋಣೆಯಿದೆ ಎಂದುಕೊಳ್ಳಿ. ಪರೀಕ್ಷೆಯ ವರ್ಷ ಅಕ್ಕನಿಗೆ ಓದಲು ಬೇರೆ ಜಾಗ ಬೇಕು. ಇಟ್ಟಿಗೆಯ ಗೋಡೆ ಎಬ್ಬಿಸಬೇಕೆಂದರೆ ಖರ್ಚು, ಧೂಳು, ಗಾರೆ ಒಣಗುವವರೆಗೆ ಕಾಯುವ ಕಷ್ಟ. ಮಹಡಿಯ ಮೇಲಾದರೆ ಅಷ್ಟು ಭಾರವನ್ನು ನೆಲ ತಡೆದೀತೇ ಎಂಬ ಅನುಮಾನ ಬೇರೆ. ಅರ್ಧ ಇಟ್ಟಿಗೆ ದಪ್ಪದ ಗೋಡೆ ಒಂದು ಚದರ ಮೀಟರಿಗೆ 200 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಮರದ ಅಡ್ಡಗೋಡೆ, ಅಂದರೆ ನಾವು ಪಾರ್ಟಿಷನ್ ಎನ್ನುವಂಥದ್ದು, ಸಾಮಾನ್ಯವಾಗಿ 50 ಕಿಲೋಗ್ರಾಂ ದಾಟುವುದಿಲ್ಲ.

ಬಡಗಿ ಬಂದವನು ಮೊದಲು ನೆಲದ ಮೇಲೆ ದಾರ ಹಿಡಿದು ಗೆರೆ ಹಾಕುತ್ತಾನೆ. ತೂಗುಗುಂಡು ಇಳಿಬಿಟ್ಟು ಅದಕ್ಕೆ ನೇರವಾದ ಗೆರೆಯನ್ನು ಚಾವಣಿಯಲ್ಲಿ ಗುರುತಿಸುತ್ತಾನೆ. ನೆಲಕ್ಕೊಂದು ಅಡಿಪಟ್ಟಿ, ಚಾವಣಿಗೊಂದು ತಲೆಪಟ್ಟಿ ಬಿಗಿಯುತ್ತಾನೆ. ಇವೆರಡರ ನಡುವೆ ಸಮಾನ ಅಂತರದಲ್ಲಿ ನೆಟ್ಟಗೆ ನಿಲುವು ಪಟ್ಟಿಗಳನ್ನು ನಿಲ್ಲಿಸುತ್ತಾನೆ. ಇಂಗ್ಲಿಷಿನಲ್ಲಿ ಇವುಗಳನ್ನು 'ಸ್ಟಡ್' ಎನ್ನುತ್ತಾರೆ. ಅವು ಬಾಗದಂತೆ ನಡುವೆ ಅಡ್ಡ ತುಂಡುಗಳನ್ನು ಸೇರಿಸುತ್ತಾನೆ. ಕೊನೆಗೆ ಎರಡೂ ಬದಿಗೆ ಪ್ಲೈವುಡ್ಡಿನ ಅಥವಾ ಜಿಪ್ಸಮ್ ಬೋರ್ಡಿನ ಹಲಗೆ ಬಡಿಯುತ್ತಾನೆ.

ಇಷ್ಟು ತೆಳುವಾದ ಪಟ್ಟಿಗಳಿಗೆ ಈ ಬಲ ಎಲ್ಲಿಂದ ಬಂತು? ಎರಡು ಸಣ್ಣ ಪ್ರಯೋಗಗಳನ್ನು ನೀವೇ ಮಾಡಿ ನೋಡಬಹುದು. ನಿಮ್ಮ ಅಡಿಪಟ್ಟಿ ಸ್ಕೇಲನ್ನು ಎರಡು ಪುಸ್ತಕಗಳ ಮೇಲೆ ಚಪ್ಪಟೆಯಾಗಿ ಇಟ್ಟು ನಡುವೆ ಬೆರಳಿನಿಂದ ಒತ್ತಿ, ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದೇ ಇಲ್ಲ. ವಸ್ತು ಒಂದೇ, ತೂಕವೂ ಒಂದೇ, ಇಟ್ಟ ರೀತಿ ಮಾತ್ರ ಬೇರೆ. ಅಮೆರಿಕದ ಬಡಗಿಗಳು ಬಳಸುವ 'ಎರಡು-ನಾಲ್ಕು' ಎಂಬ ಪಟ್ಟಿಯ ಈಗಿನ ನಿಜವಾದ ಅಳತೆ ಒಂದೂವರೆ ಇಂಚು ಮತ್ತು ಮೂರೂವರೆ ಇಂಚು. ಅದರ ಅಗಲವಾದ ಬದಿ ಗೋಡೆಯ ದಪ್ಪದ ಕಡೆಗೆ ಬರುವಂತೆ ನಿಲ್ಲಿಸಿದರೆ, ಇನ್ನೊಂದು ರೀತಿಯಲ್ಲಿ ನಿಲ್ಲಿಸಿದಾಗಿಗಿಂತ ಸುಮಾರು ಐದೂವರೆ ಪಟ್ಟು ಹೆಚ್ಚು ಬಿಗಿಯಾಗಿರುತ್ತದೆ.

ಎರಡನೆಯ ಪ್ರಯೋಗ ಇದು. ರಟ್ಟಿನ ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಗುಂಡುಸೂಜಿಯಿಂದ ಸೇರಿಸಿ ಒಂದು ಚೌಕ ಮಾಡಿ. ಒಂದು ಮೂಲೆಯನ್ನು ತಳ್ಳಿದರೆ ಚೌಕ ವಾಲಿಕೊಂಡು ಸಮಾಂತರ ಚತುರ್ಭುಜವಾಗುತ್ತದೆ. ಈಗ ಅದರ ಮೇಲೆ ಒಂದು ಹಾಳೆಯನ್ನು ಪೂರ್ತಿ ಅಂಟಿಸಿ ಅಥವಾ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಕೊಡಿ. ಚೌಕ ಅಲುಗುವುದಿಲ್ಲ. ಟೊಳ್ಳು ಗೋಡೆಯ ರಹಸ್ಯವೆಲ್ಲ ಇಷ್ಟೇ. ನಿಲುವು ಪಟ್ಟಿಗಳು ಹೊರುತ್ತವೆ, ಮೇಲಿನ ಹೊದಿಕೆ ವಾಲದಂತೆ ಹಿಡಿದಿರುತ್ತದೆ. ಒಂದನ್ನೊಂದು ನೆಚ್ಚಿಕೊಂಡೇ ಎರಡೂ ನಿಂತಿವೆ.

ನಿಲುವು ಪಟ್ಟಿಗಳ ನಡುವಿನ ಅಂತರದ ಬಗ್ಗೆ ಒಂದು ಪ್ರಶ್ನೆಯನ್ನು ಇಲ್ಲಿಯೇ ಇಟ್ಟು ಮುಂದೆ ಹೋಗೋಣ. ಅಮೆರಿಕದಲ್ಲಿ ಒಂದು ಪಟ್ಟಿಯ ನಡುವಿನಿಂದ ಇನ್ನೊಂದರ ನಡುವಿಗೆ ಸಾಮಾನ್ಯವಾಗಿ 16 ಇಂಚು. ಹದಿನೈದಲ್ಲ, ಇಪ್ಪತ್ತಲ್ಲ. ಏಕೆ ಹದಿನಾರು? ಉತ್ತರ ಚರಿತ್ರೆಯಲ್ಲಿದೆ.

ಇಪ್ಪತ್ತು ಜನ ಎತ್ತುತ್ತಿದ್ದ ಮನೆ

ಯೂರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದವರು ತಮ್ಮೊಂದಿಗೆ ಮರದ ಮನೆ ಕಟ್ಟುವ ಹಳೆಯ ವಿದ್ಯೆಯನ್ನೂ ಕೊಂಡೊಯ್ದರು. ಎಂಟು, ಹತ್ತು ಇಂಚು ದಪ್ಪದ ಕಂಬಗಳು, ಅಷ್ಟೇ ದಪ್ಪದ ತೊಲೆಗಳು. ಒಂದರಲ್ಲಿ ಉಳಿಯಿಂದ ಚೌಕ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದು ಬಿಗಿಯುತ್ತಿದ್ದರು. ಮೊಳೆ ಬಹಳ ಬೇಕಾಗುತ್ತಿರಲಿಲ್ಲ. ನಮ್ಮ ಮಲೆನಾಡಿನ ಹಳೆಯ ಮನೆಗಳ ಕಂಬ ಬೋದಿಗೆಗಳನ್ನು ನೋಡಿದವರಿಗೆ ಆ ಕೆಲಸದ ನಾಜೂಕು ಎಷ್ಟೆಂದು ಅರ್ಥವಾದೀತು.

ಆದರೆ ಅದಕ್ಕೆ ವರ್ಷಗಟ್ಟಲೆ ಕಲಿತ ಬಡಗಿ ಬೇಕು. ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಸೇರಿಸಿ ಎತ್ತಿ ನಿಲ್ಲಿಸಲು ಊರಿನ ಗಂಡಾಳುಗಳೆಲ್ಲ ಕೂಡಬೇಕು. ಇಂಥ ಮನೆಯನ್ನು ಒಬ್ಬನೇ ಕಟ್ಟಲಾರ. ಹಣವಿದ್ದವನೋ ನೆರೆಹೊರೆಯ ಬಲವಿದ್ದವನೋ ಮಾತ್ರ ಕಟ್ಟಬಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಎರಡು ಸಾಮಾನ್ಯ ವಸ್ತುಗಳು: ಯಂತ್ರದಲ್ಲಿ ಮಾಡಿದ ಮೊಳೆ ಮತ್ತು ಯಂತ್ರದಲ್ಲಿ ಕೊಯ್ದ ಹಲಗೆ.

ಮೊಳೆಯ ಬೆಲೆ

ಇಂದು ಅಂಗಡಿಯಲ್ಲಿ ಮೊಳೆಯನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ಕೈಜಾರಿ ಬಿದ್ದ ಒಂದು ಮೊಳೆಗಾಗಿ ಯಾರೂ ಬಗ್ಗುವುದಿಲ್ಲ. ಆದರೆ ಹದಿನೇಳನೆಯ ಶತಮಾನದ ವರ್ಜೀನಿಯದಲ್ಲಿ, ಮನೆ ಬಿಟ್ಟು ಹೊಸ ಜಾಗಕ್ಕೆ ಹೋಗುವವರು ಬೂದಿಯಲ್ಲಿ ಉಳಿಯುವ ಮೊಳೆಗಳನ್ನು ಆಯ್ದುಕೊಳ್ಳಲೆಂದೇ ಹಳೆಯ ಮನೆಗೆ ಬೆಂಕಿ ಇಡುತ್ತಿದ್ದರು. 1645ರಲ್ಲಿ ಅಲ್ಲಿನ ಶಾಸನಸಭೆ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಮನೆಯನ್ನು ಸುಡದೆ ಬಿಟ್ಟು ಹೋದರೆ, ಅದರಲ್ಲಿ ಇದ್ದಿರಬಹುದಾದಷ್ಟು ಮೊಳೆಗಳನ್ನು ಸರ್ಕಾರವೇ ಕೊಡುವ ಏರ್ಪಾಡೂ ಆ ಕಾನೂನಿನಲ್ಲಿತ್ತು.

ಏಕೆಂದರೆ ಪ್ರತಿಯೊಂದು ಮೊಳೆಯನ್ನೂ ಕುಲುಮೆಯಲ್ಲಿ ಕಾಸಿ, ಸುತ್ತಿಗೆಯಿಂದ ಬಡಿದು, ತುದಿ ಚೂಪು ಮಾಡಿ, ತಲೆ ಚಪ್ಪಟೆ ಮಾಡಬೇಕಾಗಿತ್ತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ 1794ರಲ್ಲಿ ತನ್ನ ಮಾಂಟಿಚೆಲೋ ಎಸ್ಟೇಟಿನಲ್ಲಿ ಒಂದು ಮೊಳೆ ಕುಲುಮೆ ತೆರೆದ. ಅಲ್ಲಿ ಬೆಂಕಿಯ ಮುಂದೆ ದಿನವಿಡೀ ಸುತ್ತಿಗೆ ಬಡಿಯುತ್ತಿದ್ದವರು ಹತ್ತರಿಂದ ಹದಿನಾರು ವರ್ಷದ ಹುಡುಗರು. ಅವರೆಲ್ಲ ಗುಲಾಮರು. ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರ ವಯಸ್ಸು ಅದೇ ಎಂಬುದನ್ನು ನೆನೆಯಿರಿ. ಎಲ್ಲ ಮನುಷ್ಯರೂ ಸಮಾನರೆಂದು ಬರೆದವನ ಅಂಗಳದಲ್ಲಿಯೇ ಇದು ನಡೆಯುತ್ತಿತ್ತು.

ಅದೇ ಕಾಲದಲ್ಲಿ ಮೊಳೆ ಮಾಡುವ ಯಂತ್ರಗಳು ಬರತೊಡಗಿದವು. 1795ರಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತ ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಜೆಫರ್ಸನ್ನನೂ ಮರುವರ್ಷವೇ ಇಂಥದೊಂದು ಯಂತ್ರ ತರಿಸಿಕೊಂಡ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಕ್ಕಿನ ತಂತಿಯನ್ನು ತುಂಡರಿಸಿ ಮಾಡುವ ಇಂದಿನ ಬಗೆಯ ಮೊಳೆಗಳು ಕತ್ತರಿಸಿದ ಮೊಳೆಗಳನ್ನು ಹಿಂದೆ ಹಾಕಿದವು. ಇತರ ವಸ್ತುಗಳ ಬೆಲೆಯೊಂದಿಗೆ ಹೋಲಿಸಿದರೆ, ಹದಿನೆಂಟನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮೊಳೆಯ ಬೆಲೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಆರ್ಥಿಕ ಚರಿತ್ರೆಕಾರರು ಲೆಕ್ಕ ಹಾಕಿದ್ದಾರೆ.

ಇತ್ತ ನೀರಿನ ಬಲದಿಂದ, ಆಮೇಲೆ ಉಗಿಯ ಬಲದಿಂದ ನಡೆಯುವ ಗರಗಸದ ಗಿರಣಿಗಳು ಒಂದೇ ಅಳತೆಯ ತೆಳು ಪಟ್ಟಿಗಳನ್ನು ರಾಶಿ ರಾಶಿಯಾಗಿ ಕೊಯ್ಯತೊಡಗಿದವು. ಮೊಳೆ ಅಗ್ಗ, ಪಟ್ಟಿ ಅಗ್ಗ. ಇನ್ನು ಕಂಬಕ್ಕೆ ತೂತು ಕೊರೆಯುತ್ತ ಕೂರುವುದೇಕೆ?

ಬಲೂನು ಮನೆಗಳು

ಈಗ ಚಿಕಾಗೋ ನಗರಕ್ಕೆ ಬರೋಣ. ಸ್ವಾಮಿ ವಿವೇಕಾನಂದರು 1893ರಲ್ಲಿ ಮಾತನಾಡಿದ ನಗರವೆಂದು ನಮಗೆ ಅದರ ಹೆಸರು ಪರಿಚಿತ. ಅದಕ್ಕೆ ಅರವತ್ತು ವರ್ಷ ಹಿಂದೆ, 1833ರಲ್ಲಿ, ಅದು ಮಿಶಿಗನ್ ಸರೋವರದ ದಡದಲ್ಲಿ ಸುಮಾರು 350 ಜನರಿದ್ದ ಕೆಸರು ಊರು. ಅದೇ ವರ್ಷದ ಒಪ್ಪಂದವೊಂದರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನ ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು. ಅವರು ಪಶ್ಚಿಮಕ್ಕೆ ಹೊರಟರು. ಪೂರ್ವದಿಂದ ಜನ ಬಂದು ಸುರಿದರು. 1850ರ ಹೊತ್ತಿಗೆ ಊರಿನ ಜನಸಂಖ್ಯೆ ಸುಮಾರು 30 ಸಾವಿರ, 1870ರಲ್ಲಿ ಸುಮಾರು 3 ಲಕ್ಷ.

ಇಷ್ಟು ಜನರಿಗೆ ಮನೆ ಎಲ್ಲಿಂದ ಬರಬೇಕು? ಸುತ್ತ ಹುಲ್ಲುಗಾವಲು, ದೊಡ್ಡ ಮರಗಳು ಕಡಿಮೆ. ನುರಿತ ಬಡಗಿಗಳೂ ಕಡಿಮೆ. ಇದ್ದದ್ದು ಅವಸರ ಮಾತ್ರ. ಆಗ ಅಲ್ಲಿ ಹೊಸ ಬಗೆಯ ಮನೆಗಳು ಏಳತೊಡಗಿದವು. ದಪ್ಪ ಕಂಬಗಳಿಲ್ಲ, ಕೊರೆದ ತೂತುಗಳಿಲ್ಲ. ತಳಪಾಯದಿಂದ ಮಾಡಿನವರೆಗೆ ಒಂದೇ ಉದ್ದಕ್ಕೆ ಹೋಗುವ ತೆಳು ನಿಲುವು ಪಟ್ಟಿಗಳು, ಅವುಗಳಿಗೆ ಬಡಿದ ಹಲಗೆಗಳು, ಎಲ್ಲವನ್ನೂ ಹಿಡಿದಿಟ್ಟ ಮೊಳೆಗಳು. ಹಳೆಯ ಪದ್ಧತಿಯಲ್ಲಿ ಇಪ್ಪತ್ತು ಜನ ಮಾಡುತ್ತಿದ್ದುದನ್ನು ಈಗ ಒಬ್ಬ ಗಂಡಸು, ಒಬ್ಬ ಹುಡುಗ ಸೇರಿ ಮಾಡಬಹುದು ಎಂದು ಆ ಕಾಲದವರು ಬರೆದರು. ಹಳೆಯ ಬಡಗಿಗಳು ನಕ್ಕರಂತೆ. ಗಾಳಿ ಬೀಸಿದರೆ ಹಾರಿಹೋಗುವ ಬಲೂನು ಇದು ಎಂದು ಹೀಯಾಳಿಸಿದರಂತೆ. 'ಬಲೂನು ಚೌಕಟ್ಟು' ಎಂಬ ಹೆಸರು ಉಳಿದದ್ದು ಹೀಗೆಂದು ವಾಡಿಕೆಯ ಮಾತು. ಮನೆಗಳೇನೂ ಹಾರಿಹೋಗಲಿಲ್ಲ.

ಇದನ್ನು ಕಂಡುಹಿಡಿದವರು ಯಾರು? ಇಲ್ಲಿ ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. 1833ರಲ್ಲಿ ಆಗಸ್ಟೀನ್ ಟೇಲರ್ ಕಟ್ಟಿದ ಸೇಂಟ್ ಮೇರಿ ಚರ್ಚೇ ಮೊದಲನೆಯದೆಂದು ಬಹಳ ಕಾಲ ಹೇಳುತ್ತಿದ್ದರು. ವಾಸ್ತುಶಿಲ್ಪದ ಚರಿತ್ರೆಕಾರ ಸಿಗ್‌ಫ್ರೀಡ್ ಗೀಡಿಯನ್ 1941ರ ತನ್ನ ಗ್ರಂಥದಲ್ಲಿ ಆ ಕೀರ್ತಿಯನ್ನು ಜಾರ್ಜ್ ವಾಷಿಂಗ್ಟನ್ ಸ್ನೋ ಎಂಬಾತನಿಗೆ ಕೊಟ್ಟ. ಆತ 1832ರಲ್ಲಿ ಕಟ್ಟಿದ ಉಗ್ರಾಣವೇ ಮೊದಲನೆಯದೆಂದು ಮುಂದಿನ ಕೆಲವರು ವಾದಿಸಿದರು. ಆಮೇಲಿನ ಸಂಶೋಧಕರು ಇನ್ನೂ ಹಿಂದಕ್ಕೆ ಹೋಗಿ, ವರ್ಜೀನಿಯ ಮತ್ತು ಮೇರಿಲ್ಯಾಂಡಿನ ರೈತರು ಹದಿನೇಳನೆಯ ಶತಮಾನದಲ್ಲಿಯೇ ಚೌಕಟ್ಟುಗಳನ್ನು ಹಗುರ ಮಾಡತೊಡಗಿದ್ದರೆಂದು ತೋರಿಸಿದರು. ಮೊದಲಿಗನ ಹೆಸರು ಹುಡುಕುವುದು ನಮಗೆಲ್ಲ ಇಷ್ಟ. ಪರೀಕ್ಷೆಯಲ್ಲಿ ಎರಡು ಅಂಕ ಸಿಗುತ್ತದೆ! ಆದರೆ ಈ ಗೋಡೆಗೆ ಒಬ್ಬ ಜನಕನಿಲ್ಲ. ಮೊಳೆ ಅಗ್ಗವಾದಾಗ, ಪಟ್ಟಿ ಅಗ್ಗವಾದಾಗ, ಕೈಗಳು ಕಡಿಮೆಯಾದಾಗ, ಹೆಸರಿಲ್ಲದ ನೂರಾರು ಜನ ಸ್ವಲ್ಪ ಸ್ವಲ್ಪವಾಗಿ ಇದನ್ನು ಹಗುರ ಮಾಡುತ್ತ ಬಂದರು.

ಗೋಡೆಯ ಎರಡು ತುದಿಗಳು

ಚಿಕಾಗೋದಲ್ಲಿ ಇಲ್ಲದ ಮರ ಬಂದದ್ದು ಉತ್ತರದಿಂದ. ಮಿಶಿಗನ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಬಿಳಿ ಪೈನ್ ಕಾಡುಗಳಲ್ಲಿ ಚಳಿಗಾಲದಲ್ಲಿ ಮರ ಕಡಿದು, ಹಿಮದ ಮೇಲೆ ಜಾರಿಸಿ ನದಿಗೆ ತಂದು, ವಸಂತದ ಪ್ರವಾಹದಲ್ಲಿ ತೇಲಿಬಿಟ್ಟು, ನದಿಮುಖದ ಗಿರಣಿಗಳಲ್ಲಿ ಕೊಯ್ದು, ಹಡಗಿನಲ್ಲಿ ಸರೋವರ ದಾಟಿಸುತ್ತಿದ್ದರು. 1848ರಲ್ಲಿ ಕಾಲುವೆಯೂ ಅದರ ಹಿಂದೆಯೇ ರೈಲೂ ಬಂದ ಮೇಲೆ ಚಿಕಾಗೋ ಜಗತ್ತಿನ ಅತಿ ದೊಡ್ಡ ಮರದ ಮಾರುಕಟ್ಟೆಯಾಯಿತು. ಮರವಿಲ್ಲದ ಹುಲ್ಲುಗಾವಲಿನ ರೈತರೆಲ್ಲ ತಮ್ಮ ಮನೆ, ಕೊಟ್ಟಿಗೆ, ಬೇಲಿಗಳಿಗೆ ಇಲ್ಲಿಂದಲೇ ಮರ ಕೊಂಡರು.

ಈ ವ್ಯಾಪಾರದ ಎರಡೂ ತುದಿಗಳನ್ನು ಹಿಡಿದಿದ್ದ ಒಬ್ಬ ವ್ಯಕ್ತಿಯೆಂದರೆ ವಿಲಿಯಂ ಆಗ್ಡನ್. 1837ರಲ್ಲಿ ಚಿಕಾಗೋದ ಮೊದಲ ಮೇಯರ್ ಆದವನು. ಜಮೀನು, ಕಾಲುವೆ, ರೈಲು ಎಲ್ಲದರಲ್ಲೂ ಅವನ ಕೈಯಿತ್ತು. ಚಿಕಾಗೋದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದ ವಿಸ್ಕಾನ್ಸಿನ್ನಿನ ಪೆಷ್ಟಿಗೋ ಎಂಬ ಕಾಡಿನ ಊರಿನಲ್ಲಿ ಅವನ ಕಂಪನಿಗೆ ಗಿರಣಿಯೂ, ಮರದ ಬಕೆಟ್ಟು, ಕೊಳಗಗಳನ್ನು ಮಾಡುವ ದೊಡ್ಡ ಕಾರ್ಖಾನೆಯೂ ಇದ್ದವು.

1871ರ ಬೇಸಿಗೆ ಆ ಸೀಮೆಯಲ್ಲೆಲ್ಲ ಮಳೆ ಬರಲಿಲ್ಲ. ಚಿಕಾಗೋದಲ್ಲಿ ಜುಲೈ ಮೊದಲಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಬಿದ್ದ ಮಳೆ ಸುಮಾರು ಒಂದು ಇಂಚು. ಅಕ್ಟೋಬರ್ 8, ಭಾನುವಾರ ರಾತ್ರಿ, ನಗರದ ನೈರುತ್ಯದಲ್ಲಿ ಡಿಕೋವನ್ ಬೀದಿಯ ಒಂದು ಕೊಟ್ಟಿಗೆಯ ಬಳಿ ಬೆಂಕಿ ಹೊತ್ತಿತು. ಬಲವಾದ ಗಾಳಿ ಬೀಸುತ್ತಿತ್ತು. ಮನೆಗಳು ಮರದವು, ಬೀದಿ ಬದಿಯ ಕಾಲುದಾರಿಗಳೂ ಮರದ ಹಲಗೆಯವು. ಕಲ್ಲು, ಇಟ್ಟಿಗೆಯ ಕಟ್ಟಡಗಳೂ ಉಳಿಯಲಿಲ್ಲ. ಅವುಗಳ ತೊಲೆ, ಮಾಡು, ಕಿಟಕಿಗಳೂ ಮರದವೇ ಆಗಿದ್ದವು. ನೀರೆತ್ತುವ ಕೇಂದ್ರದ ಮಾಡೇ ಸುಟ್ಟು ಕುಸಿದು ಪಂಪುಗಳು ನಿಂತವು. ಹತ್ತನೆಯ ತಾರೀಖಿನ ಬೆಳಗಿನ ಜಾವ ಮಳೆ ಬಂದು ಬೆಂಕಿ ಆರುವ ಹೊತ್ತಿಗೆ 17 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಹೋಗಿದ್ದವು. ಸತ್ತವರು ಸುಮಾರು 300 ಜನರೆಂದು ಅಂದಾಜು. ಮೂವರಲ್ಲಿ ಒಬ್ಬರಂತೆ ಸುಮಾರು 1 ಲಕ್ಷ ಜನ ಮನೆ ಕಳೆದುಕೊಂಡರು.

ಆ ಕೊಟ್ಟಿಗೆ ಓಲಿಯರಿ ಎಂಬ ಐರಿಷ್ ವಲಸಿಗರದು. ಹಾಲು ಮಾರಿ ಬದುಕುತ್ತಿದ್ದ ಆ ಮನೆಯಾಕೆಯ ಹಸು ಲಾಂದ್ರವನ್ನು ಒದ್ದು ಬೆಂಕಿ ಹತ್ತಿಸಿತೆಂಬ ಕಥೆ ಲೋಕವೆಲ್ಲ ಹಬ್ಬಿತು. ಆ ಕಥೆ ಕಟ್ಟಿದ್ದೇ ತಾನೆಂದು 1893ರಲ್ಲಿ ಒಬ್ಬ ಪತ್ರಕರ್ತ ಒಪ್ಪಿಕೊಂಡ. ಚಿಕಾಗೋ ನಗರಸಭೆ ಅವಳನ್ನು ದೋಷಮುಕ್ತಗೊಳಿಸಿ ನಿರ್ಣಯ ಮಾಡಿದ್ದು 1997ರಲ್ಲಿ! ಇಡೀ ನಗರವನ್ನೇ ಸೌದೆಯ ಒಟ್ಟಿಲಿನಂತೆ ಕಟ್ಟಿದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಒಬ್ಬ ಬಡ ಹೆಂಗಸಿನ ಹಸುವನ್ನು ದೂರುವುದು ಸುಲಭವಾಗಿತ್ತು.

ಈಗ ಇನ್ನೊಂದು ತುದಿ. ಅದೇ ಅಕ್ಟೋಬರ್ 8ರ ರಾತ್ರಿ ಪೆಷ್ಟಿಗೋದಲ್ಲಿಯೂ ಬೆಂಕಿ ಎದ್ದಿತು. ಮರ ಕಡಿದವರು ಬಿಟ್ಟುಹೋದ ರೆಂಬೆ ತೊಗಟೆಗಳ ರಾಶಿ ಕಾಡಿನ ತುಂಬ ಒಣಗಿ ಬಿದ್ದಿತ್ತು. ಹೊಲಕ್ಕಾಗಿ, ರೈಲು ದಾರಿಗಾಗಿ ಅಲ್ಲಲ್ಲಿ ಸುಡುತ್ತಿದ್ದ ಸಣ್ಣ ಬೆಂಕಿಗಳು ಅದೇ ಗಾಳಿಗೆ ಒಂದುಗೂಡಿದವು. ಊರಿನ ಜನ ನದಿಗೆ ಓಡಿ, ನೀರಿನಲ್ಲಿ ಮುಳುಗಿ ನಿಂತು ರಾತ್ರಿ ಕಳೆದರು. ಹಾಗೆ ನಿಂತವರಲ್ಲಿ ಕೆಲವರು ಉಳಿದರು. ಆ ಬೆಂಕಿಯಲ್ಲಿ ಸುಮಾರು 12 ಲಕ್ಷ ಎಕರೆ ಸುಟ್ಟಿತು. ಸತ್ತವರು 1,200ರಿಂದ 2,500 ಎಂದು ಬೇರೆ ಬೇರೆ ಅಂದಾಜುಗಳಿವೆ. ಹೆಸರು ಬರೆದಿಟ್ಟ ದಾಖಲೆಗಳೂ, ಹೆಸರು ಹೇಳಬಲ್ಲವರೂ ಒಟ್ಟಿಗೆ ಹೋದದ್ದರಿಂದ ನಿಖರ ಲೆಕ್ಕ ಯಾರಿಗೂ ಸಿಗಲಿಲ್ಲ. ಅಮೆರಿಕದ ಚರಿತ್ರೆಯಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಡ್ಗಿಚ್ಚು ಅದು. ಆದರೆ ಟೆಲಿಗ್ರಾಫ್ ತಂತಿ ಸುಟ್ಟುಹೋಗಿತ್ತು. ಸುದ್ದಿ ಹೊರಬರುವ ವೇಳೆಗೆ ಪತ್ರಿಕೆಗಳ ತುಂಬ ಚಿಕಾಗೋವೇ ಇತ್ತು. ಇಂದಿಗೂ ಚಿಕಾಗೋ ಬೆಂಕಿಯನ್ನು ಬಲ್ಲವರು ಬಹಳ, ಪೆಷ್ಟಿಗೋ ಹೆಸರು ಕೇಳಿದವರು ಕೆಲವರೇ.

ಚಿಕಾಗೋದಲ್ಲಿದ್ದ ಆಗ್ಡನ್ನನ ಮನೆಯೂ, ಪೆಷ್ಟಿಗೋದ ಅವನ ಕಾರ್ಖಾನೆಯೂ ಒಂದೇ ರಾತ್ರಿಯ ಬೆಂಕಿಗಳಲ್ಲಿ ಹೋದವು. ಮರ ಹೊರಟ ಊರು, ಮರ ತಲುಪಿದ ಊರು, ಎರಡೂ ಸುಟ್ಟವು. ಒಂದೇ ದಿನ ಆದದ್ದು ಬರ ಮತ್ತು ಗಾಳಿಯ ಕೂಟದಿಂದ. ಆದರೆ ಎರಡೂ ಕಡೆ ಸುಡಲು ಅಷ್ಟೊಂದು ಒಣ ಮರ ಕಾದಿದ್ದದ್ದು ಆಕಸ್ಮಿಕವಲ್ಲ.

ಅಗ್ಗದ ಗೋಡೆ ಯಾರಿಗೆ ಬೇಕು?

ಬೆಂಕಿಯ ಮರುತಿಂಗಳು ಜೋಸೆಫ್ ಮೆಡಿಲ್ ಎಂಬ ಪತ್ರಿಕಾ ಸಂಪಾದಕ ಮೇಯರ್ ಆಗಿ ಆಯ್ಕೆಯಾದ. ನಗರದೊಳಗೆ ಇನ್ನು ಮರದ ಮನೆ ಕೂಡದು, ಎಲ್ಲರೂ ಇಟ್ಟಿಗೆಯಲ್ಲಿಯೇ ಕಟ್ಟಬೇಕು ಎಂಬುದು ಅವನ ನಿಲುವು. ಸರಿಯಾದ ಮಾತೇ ಎಂದು ನಿಮಗನ್ನಿಸಬಹುದು. ಆದರೆ 1872ರ ಜನವರಿ 15ರಂದು ನಗರದ ಉತ್ತರ ಭಾಗದ ಕಾರ್ಮಿಕರು, ಅವರಲ್ಲಿ ಅನೇಕರು ಜರ್ಮನ್ ವಲಸಿಗರು, ಮೆರವಣಿಗೆಯಲ್ಲಿ ನಗರಸಭೆಗೆ ನುಗ್ಗಿದರು. ಅವರದು ಸರಳವಾದ ಪ್ರಶ್ನೆ. ಸುಟ್ಟ ನಿವೇಶನವೊಂದೇ ಉಳಿದಿರುವ ನಾವು ಇಟ್ಟಿಗೆಗೆ ಹಣ ಎಲ್ಲಿಂದ ತರೋಣ? ಮರದ ಮನೆ ಬೇಡವೆಂದರೆ ನಾವು ನಿವೇಶನ ಮಾರಿ ಹೋಗಬೇಕು ಎಂದೇ ಅರ್ಥವಲ್ಲವೇ?

ಕಾನೂನು ಸಡಿಲವಾಯಿತು. ಹೊರವಲಯಗಳಲ್ಲಿ ಮತ್ತೆ ಮರದ ಮನೆಗಳು ಎದ್ದವು. 1874ರ ಜುಲೈಯಲ್ಲಿ ಇನ್ನೊಂದು ಬೆಂಕಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ವಿಮಾ ಕಂಪನಿಗಳ ಒತ್ತಡದಿಂದ ನಿಯಮ ಮತ್ತೆ ಬಿಗಿಯಾಯಿತು. ಇದರಲ್ಲಿ ಯಾರದು ತಪ್ಪು? ಸುರಕ್ಷಿತವಾದ ನಗರ ಬೇಕೆಂದ ಮೇಯರನದೋ, ತಲೆಯ ಮೇಲೊಂದು ಸೂರು ಬೇಕೆಂದ ಕಾರ್ಮಿಕನದೋ? ಸುರಕ್ಷತೆ ಬೇಕೆನ್ನುವವರು ಅದರ ಖರ್ಚು ಯಾರ ತಲೆಗೆ ಬೀಳುತ್ತದೆಂದೂ ಕೇಳಬೇಕು ಎಂಬುದು ಈ ಪ್ರಸಂಗದ ಪಾಠ. ಅದು ನಮ್ಮ ನಗರಗಳಿಗೂ ಅನ್ವಯಿಸುತ್ತದೆ.

ತಪ್ಪು ತಿದ್ದಿಕೊಂಡ ಗೋಡೆ

ವಿಜ್ಞಾನದ ದೃಷ್ಟಿಯಿಂದ ಬಲೂನು ಚೌಕಟ್ಟಿನ ದೋಷ ಅದರ ಟೊಳ್ಳಿನಲ್ಲಿಯೇ ಇತ್ತು. ನಿಲುವು ಪಟ್ಟಿಗಳು ತಳದಿಂದ ಮಾಡಿನವರೆಗೆ ಒಂದೇ ಸಮ ಹೋಗುತ್ತಿದ್ದುದರಿಂದ, ಎರಡು ಪಟ್ಟಿಗಳ ನಡುವಿನ ಜಾಗ ಹೊಗೆಕೊಳವೆಯಂತೆ ಕೆಲಸ ಮಾಡುತ್ತಿತ್ತು. ಬಿಸಿ ಗಾಳಿ ಹಗುರವಾದದ್ದು, ಮೇಲಕ್ಕೇರುತ್ತದೆ. ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗಿನಿಂದಲೇ ಮಾಡಿಗೆ ತಲುಪುತ್ತಿತ್ತು.

ಪರಿಹಾರ ಸರಳವಾಗಿತ್ತು. ಟೊಳ್ಳಿನ ನಡುವೆ ಅಡ್ಡ ಮರದ ತುಂಡು ಇಟ್ಟು ದಾರಿ ಕಟ್ಟಿದರಾಯಿತು. ಮುಂದೆ ಪ್ರತಿ ಅಂತಸ್ತನ್ನೂ ಬೇರೆಯಾಗಿ ಕಟ್ಟಿ, ಒಂದರ ನೆಲವನ್ನೇ ಜಗಲಿ ಮಾಡಿಕೊಂಡು ಮೇಲಿನದನ್ನು ನಿಲ್ಲಿಸುವ ಪದ್ಧತಿ ಬಂತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಲೂನು ಚೌಕಟ್ಟನ್ನು ಇದು ಹಿಂದೆ ಹಾಕಿತು. ಬಡಗಿ ನಡುವೆ ಸೇರಿಸುವ ಅಡ್ಡ ತುಂಡು ಪಟ್ಟಿಗಳನ್ನು ಬಾಗದಂತೆ ಹಿಡಿಯುವುದಷ್ಟೇ ಅಲ್ಲ, ಬೆಂಕಿಗೂ ಅಡ್ಡ ನಿಲ್ಲುತ್ತದೆ.

ಈಗ ಹದಿನಾರು ಇಂಚಿನ ಪ್ರಶ್ನೆಗೆ ಬರೋಣ. ಆಗ ಒಳಗೋಡೆಗಳಿಗೆ ಸಣ್ಣ ಮರದ ರೀಪುಗಳನ್ನು ಅಡ್ಡಲಾಗಿ ಬಡಿದು, ಅವುಗಳ ಸಂದಿಗೆ ಹಿಡಿಯುವಂತೆ ಗಾರೆ ಮೆತ್ತುತ್ತಿದ್ದರು. ಆ ರೀಪುಗಳ ವಾಡಿಕೆಯ ಉದ್ದ ನಾಲ್ಕು ಅಡಿ, ಅಂದರೆ 48 ಇಂಚು. ಅದರ ಎರಡು ತುದಿಗಳಿಗೂ ನಡುವೆ ಎರಡು ಕಡೆಗೂ ಆಸರೆ ಸಿಗಬೇಕಾದರೆ ಮೂರು ಸಮ ಭಾಗ, ಪ್ರತಿಯೊಂದೂ 16 ಇಂಚು. 1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತ ಕಾಗದದ ಪದರಗಳ ನಡುವೆ ಗಾರೆ ಹಾಕಿ ಮಾಡಿದ ಹಲಗೆಗೆ ಪೇಟೆಂಟ್ ಪಡೆದ. ಇಂದಿನ ಜಿಪ್ಸಮ್ ಬೋರ್ಡಿನ ಅಜ್ಜ ಅದು. ಎರಡನೆಯ ಮಹಾಯುದ್ಧದ ನಂತರ ಮನೆಗಳು ತುರ್ತಾಗಿ ಬೇಕಾದಾಗ, ಒಣಗಲು ವಾರಗಟ್ಟಲೆ ಹಿಡಿಯುವ ಗಾರೆಯ ಜಾಗಕ್ಕೆ ಈ ಹಲಗೆ ಬಂತು. ಅದರ ಅಗಲವೂ ಅದೇ ನಾಲ್ಕು ಅಡಿ. ರೀಪು ಹೋಯಿತು, ಗಾರೆ ಹೋಯಿತು, ಹದಿನಾರು ಇಂಚು ಉಳಿಯಿತು. ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಲಗೆಯೂ ಎಂಟು ಅಡಿ, ನಾಲ್ಕು ಅಡಿ. ಆದ್ದರಿಂದ ನಮ್ಮ ಬಡಗಿಯ ಲೆಕ್ಕವೂ 16 ಇಂಚಿಗೋ 24 ಇಂಚಿಗೋ ಬಂದು ನಿಲ್ಲುತ್ತದೆ. ಸತ್ತುಹೋದ ಪದ್ಧತಿಗಳು ಅಳತೆಗಳಲ್ಲಿ ಬದುಕಿರುತ್ತವೆ.

ಜಿಪ್ಸಮ್ ಬಗ್ಗೆ ಒಂದು ಮಾತು. ರಸಾಯನಶಾಸ್ತ್ರ ಓದಿದವರಿಗೆ ಗೊತ್ತು, ಅದು ಕ್ಯಾಲ್ಸಿಯಂ ಸಲ್ಫೇಟ್. ಪ್ರತಿ ಅಣುವಿನೊಂದಿಗೆ ನೀರಿನ ಎರಡು ಅಣುಗಳು ಕಟ್ಟಿಕೊಂಡಿರುತ್ತವೆ. ತೂಕದಲ್ಲಿ ಐದನೆಯ ಒಂದು ಪಾಲಿಗೂ ಸ್ವಲ್ಪ ಹೆಚ್ಚು ನೀರು! ಮುಟ್ಟಿದರೆ ಒಣ ಕಲ್ಲು. ಬೆಂಕಿ ತಾಗಿದರೆ ಮಾತ್ರ ಆ ನೀರು ಆವಿಯಾಗಿ ಹೊರಟು ಶಾಖವನ್ನು ಹೀರುತ್ತದೆ. ನೀರೆಲ್ಲ ಮುಗಿಯುವವರೆಗೆ ಹಿಂದಿನ ಮರ ಬಹಳ ಬಿಸಿಯಾಗುವುದಿಲ್ಲ. ಆ ಕೆಲವು ನಿಮಿಷಗಳಲ್ಲಿ ಒಳಗಿದ್ದವರು ಹೊರಗೆ ಓಡಬಹುದು. ಒಮ್ಮೆ ನಗರವನ್ನೇ ಸುಡಲು ನೆರವಾದ ಗೋಡೆ ಈಗ ನೀರಿನ ಕವಚ ತೊಟ್ಟಿದೆ.

ಉಳಿದ ಕಾಡು

ಕಾಡಿನ ಕಥೆ ಅಷ್ಟು ಸಮಾಧಾನಕರವಲ್ಲ. ಮುಗಿಯದೆಂದು ತಿಳಿದಿದ್ದ ಬಿಳಿ ಪೈನ್ ಕಾಡು 1900ರ ಹೊತ್ತಿಗೆ ಮಿಶಿಗನ್, ವಿಸ್ಕಾನ್ಸಿನ್ನುಗಳಲ್ಲಿ ಬಹುಮಟ್ಟಿಗೆ ಮುಗಿದಿತ್ತು. ಗಿರಣಿಗಳು ಬೇರೆ ಕಾಡು ಹುಡುಕಿಕೊಂಡು ಹೊರಟವು. ಒಂದು ಕಡೆ ಮಾತ್ರ ಕಾಡು ನಿಂತಿತು. ಪೆಷ್ಟಿಗೋದ ಪಶ್ಚಿಮಕ್ಕೆ, 1854ರಿಂದ ಮೆನಾಮಿನಿ ಎಂಬ ಮೂಲನಿವಾಸಿಗಳಿಗೆ ಉಳಿದ ನೆಲದಲ್ಲಿ. ಅವರೂ ಮರ ಕಡಿದರು, ಗಿರಣಿ ನಡೆಸಿದರು, ಪಟ್ಟಿ ಮಾರಿದರು. ಆದರೆ ಹಣ್ಣಾದ ಮರ, ರೋಗದ ಮರಗಳನ್ನು ಆಯ್ದು ಕಡಿದು, ಉಳಿದದ್ದನ್ನು ಬೆಳೆಯಲು ಬಿಟ್ಟರು. ಎರಡು ಲಕ್ಷ ಎಕರೆಗೂ ಮಿಕ್ಕ ಆ ಕಾಡು ಇಂದಿಗೂ ಇದೆ. ಮರದ ಗೋಡೆ ಬೇಕೆಂದರೆ ಕಾಡು ನಾಶವಾಗಲೇಬೇಕು ಎಂಬ ಮಾತಿಗೆ ಅದು ನಿಂತ ನಿಲುವಿನಲ್ಲಿಯೇ ಉತ್ತರ.

ನಿಮ್ಮ ಮನೆಯಲ್ಲಿ ಎಂದಾದರೂ ಇಂಥ ಅಡ್ಡಗೋಡೆ ಮಾಡಿಸಿದರೆ ಬಡಗಿಯ ಪಕ್ಕದಲ್ಲಿ ನಿಂತು ನೋಡಿ. ಟೇಪಿನ ಒಂದು ತುದಿ ಹಿಡಿದುಕೊಳ್ಳಿ. ಮರ ಎಲ್ಲಿಯದು ಎಂದು ಕೇಳಿ. ಟೊಳ್ಳಿನೊಳಗೆ ವಿದ್ಯುತ್ ತಂತಿ ಹಾಯುವುದಾದರೆ ಅದಕ್ಕೆ ಕೊಳವೆ ಹಾಕಿದ್ದಾರೆಯೇ, ಅಡ್ಡ ತುಂಡು ಇಟ್ಟಿದ್ದಾರೆಯೇ, ಬೆಂಕಿ ಬಿದ್ದರೆ ಅಕ್ಕ ಹೊರಬರಲು ದಾರಿ ಇದೆಯೇ ಎಂದು ನೋಡಿ. ಹಲಗೆ ಬಡಿದು ಮುಚ್ಚಿದ ಮೇಲೆ ಇವು ಯಾವುವೂ ಕಾಣುವುದಿಲ್ಲ. ಚಿಕಾಗೋದ ಮನೆಗಳಲ್ಲಿಯೂ ಹೊರಗಿನಿಂದ ಕಾಣುತ್ತಿದ್ದುದು ಚೆಂದದ ಬಣ್ಣ ಮಾತ್ರ.